ಅಪರಿಗ್ರಹವೂ ಅದರ ಪರಿಮಾಣವೂ: ಸುಂಟಿಕೊಪ್ಪದ ಒಂದು ಪ್ರಸಂಗ

ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ಹಾದಿಯಲ್ಲಿ ಸುಂಟಿಕೊಪ್ಪವೆಂಬ ಊರುಂಟು. ಅದರ ಸುತ್ತಲೂ ಕಾಫಿಯ ತೋಟಗಳು. ಅವುಗಳಲ್ಲಿ ಗುಂಡುಗುಟ್ಟಿಯೆಂಬುದು ಒಂದು. 1934ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಗಾಂಧಿಯವರು ಹರಿಜನೋದ್ಧಾರದ ಯಾತ್ರೆಯನ್ನು ಮಾಡುತ್ತ ಕೊಡಗಿಗೆ ಬಂದಾಗ ಈ ತೋಟದ ಒಡೆಯರಾದ ಮಂಜುನಾಥಯ್ಯನವರ ಅತಿಥಿಗಳಾಗಿ ಇಲ್ಲಿ ಇಳಿದುಕೊಂಡಿದ್ದರು. ಅತಿಥಿಯು ಅಪರಿಗ್ರಹವನ್ನು ವ್ರತವಾಗಿ ಹಿಡಿದವರು. 1915ರಲ್ಲಿ ಸ್ಥಾಪಿಸಿದ ಆಶ್ರಮದ ನಿಯಮಗಳಲ್ಲಿಯೇ ಅದನ್ನು ಸೇರಿಸಿ, 1933ರಲ್ಲಿ ಆ ಆಶ್ರಮವನ್ನೂ ವಿಸರ್ಜಿಸಿ ಹೊರಟುಬಂದವರು. ಆತಿಥೇಯರಾದರೋ ಕೊಡಗಿನ ಸಿರಿವಂತ ತೋಟಗಾರರಲ್ಲಿ ಒಬ್ಬರು. ಯಾವುದೂ ತನ್ನದಲ್ಲವೆನ್ನುವ ವ್ರತಿಯು ಬಹುವಾಗಿ ಉಳ್ಳವರ ಮನೆಯಲ್ಲಿ ತಂಗಿ, ಅಲ್ಲಿಂದಲೇ ಬಡವರಿಗಾಗಿ ಜೋಳಿಗೆಯನ್ನು ಒಡ್ಡಿದುದು ಕೆಲವರಿಗೆ ಸಹಜವಾಗಿಯೂ ಕೆಲವರಿಗೆ ವಿಪರೀತವಾಗಿಯೂ ಕಾಣತಕ್ಕ ಸಂಗತಿ. ಧನಿಕನು, ಅಥವಾ ಧನಿಕರ ಆಶ್ರಯದಲ್ಲಿರುವವನು, ಸ್ವತ್ತಿಲ್ಲದ ಲೋಕವನ್ನು ನಿಷ್ಕಪಟವಾಗಿ ಬೋಧಿಸಬಲ್ಲನೇ ಎಂಬ ಹಳೆಯ ಪ್ರಶ್ನೆಯನ್ನು ಈ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಪ್ರಸಂಗದ ವಿವರ. 1933ರ ನವೆಂಬರಿನಲ್ಲಿ ವಾರ್ಧಾದ ಕಡೆಯಿಂದ ಹೊರಟ ಈ ಯಾತ್ರೆಯು ಮುಂದಿನ ವರ್ಷದ ಮಳೆಗಾಲದಲ್ಲಿ ಕಾಶಿಯಲ್ಲಿ ಮುಗಿಯುವ ಹೊತ್ತಿಗೆ ಸುಮಾರು 12,500 ಮೈಲಿಗಳಷ್ಟು ದಾರಿಯನ್ನು ಸವೆಸಿತ್ತು; ನಿಧಿಗೆ ಸುಮಾರು 8 ಲಕ್ಷ ರೂಪಾಯಿ ಕೂಡಿತ್ತು. ಹಣಕ್ಕಿಂತಲೂ ಹೆಚ್ಚಾಗಿ ಗಾಂಧಿಯವರು ಹೆಂಗಸರ ಮೈಮೇಲಿನ ಆಭರಣಗಳನ್ನು ಬೇಡುತ್ತಿದ್ದರು. ಕೊಡಗಿಗೆ ಬರುವುದಕ್ಕೆ ಒಂದು ತಿಂಗಳು ಮುಂಚೆ, ಘಟ್ಟದ ಕೆಳಗಿನ ಮಲಬಾರಿನ ವಡಗರೆಯಲ್ಲಿ, ಕೌಮುದಿಯೆಂಬ ಹದಿನಾರು ವರ್ಷದ ಹುಡುಗಿಯೊಬ್ಬಳು ಒಂದು ಬಳೆಯಿಂದ ಆರಂಭಿಸಿ ಕೊರಳ ಸರ, ಕಿವಿಯ ಓಲೆಗಳವರೆಗೆ ಒಂದೊಂದಾಗಿ ತೆಗೆದುಕೊಟ್ಟಳು. ಗಾಂಧಿಯವರು ತಂದೆತಾಯಿಗಳ ಒಪ್ಪಿಗೆಯನ್ನು ವಿಚಾರಿಸಿದರು. ಕೊಟ್ಟುದರ ಬದಲಿಗೆ ಬೇರೆ ಒಡವೆಗಳನ್ನು ಮಾಡಿಸಿಕೊಳ್ಳಬಾರದೆಂದೂ ತಿಳಿಸಿದರು. ಈ ಎರಡನೆಯ ಮಾತನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು. ಕೊಟ್ಟದ್ದೆಷ್ಟು ಎಂಬುದಕ್ಕಿಂತ, ಕೊಟ್ಟ ಮೇಲೆ ಕೊಟ್ಟವನ ಬಳಿ ಉಳಿದುದೆಷ್ಟು, ಅದು ಮರಳಿ ಬೆಳೆಯುವುದೇ ಎಂಬುದನ್ನು ಕೇಳಿದ ಮಾತು ಅದು.

ಗುಂಡುಗುಟ್ಟಿಯ ತೋಟದ ಮೇಲ್ವಿಚಾರಕರಾಗಿದ್ದವರು ಬಿ. ಟಿ. ಗೋಪಾಲಕೃಷ್ಣರೆಂಬವರು. ಅವರ ಪತ್ನಿಯೇ ಕನ್ನಡ ಸಣ್ಣಕಥೆಯ ಚರಿತ್ರೆಯಲ್ಲಿ ‘ಕೊಡಗಿನ ಗೌರಮ್ಮ’ ಎಂದು ಪ್ರಸಿದ್ಧರಾದವರು. ತಮ್ಮ ಕಥೆಗಳಿಗೆ ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದು ಅಂಕಿತ ಹಾಕುತ್ತಿದ್ದವರು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತರ ಮೇಲೆ ಒಂದೆರಡು ವರ್ಷಗಳಿದ್ದಿರಬೇಕು. ಒಡೆಯರ ಮನೆಗೆ ಬಂದ ಗಾಂಧಿಯವರು ತಮ್ಮ ಮನೆಗೂ ಬರಬೇಕೆಂದು ಅವರು ಹಟ ತೊಟ್ಟು ಉಪವಾಸ ಕುಳಿತರು. ಉಪವಾಸವನ್ನೇ ಆಯುಧವಾಗಿ ಬಳಸಿದವರ ಮೇಲೆ ಅದೇ ಆಯುಧವನ್ನು ತಿರುಗಿಸಿದ ಈ ಚಾತುರ್ಯವು ಅವರ ಕಥೆಗಳನ್ನು ಓದಿದವರಿಗೆ ಆಶ್ಚರ್ಯವೆನಿಸದು. ಗಾಂಧಿಯವರು ಬಂದರು. ಗೌರಮ್ಮನವರು ಮಾಂಗಲ್ಯ, ಕಿವಿಯ ಓಲೆ, ಮೂಗುಬೊಟ್ಟುಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಒಡವೆಗಳನ್ನೆಲ್ಲ ಹರಿಜನನಿಧಿಗೆ ಒಪ್ಪಿಸಿದರು.

ಈ ಕಥೆಯು ಸಾಮಾನ್ಯವಾಗಿ ದೇಶಭಕ್ತಿಯ ನಿದರ್ಶನವಾಗಿ ಹೇಳಲ್ಪಡುತ್ತದೆ. ಆದರೆ ಒಂದೇ ತೋಟದ ಎಲ್ಲೆಯೊಳಗೆ, ಒಂದೇ ಸಮಯದಲ್ಲಿ, ಪರಿಗ್ರಹದ ಮೂರು ಸ್ಥಿತಿಗಳು ಎದುರುಬದುರಾಗಿ ನಿಂತುದು ಇದರಲ್ಲಿ ಕಾಣುತ್ತದೆ: ತನ್ನದೆಂಬುದೇನೂ ಇಲ್ಲದ ವ್ರತಿ, ಭೂಮಿಯುಳ್ಳ ಒಡೆಯ, ಭೂಮಿಯೂ ಇಲ್ಲದೆ, ಮನೆಯೂ ತನ್ನದಲ್ಲದೆ, ಮೈಮೇಲಿನ ಚಿನ್ನವೊಂದನ್ನೇ ತನ್ನದೆನ್ನಬಹುದಾಗಿದ್ದ ಗೃಹಿಣಿ. ನಾಲ್ಕನೆಯದೊಂದು ಸ್ಥಿತಿಯೂ ಉಂಟು. ನಿಧಿಯು ಯಾರಿಗಾಗಿ ಕೂಡುತ್ತಿತ್ತೋ ಆ ಜನ, ಎಂದರೆ ಅಸ್ಪೃಶ್ಯರೆಂದು ಎಣಿಸಲ್ಪಟ್ಟವರೂ ಯರವರೇ ಮೊದಲಾದ ಕಾಡುಜನರೂ ಕೊಡಗಿನ ತೋಟಗಳಲ್ಲಿ ಕೂಲಿಮಾಡುತ್ತಿದ್ದರು. ಅವರ ಹೆಸರುಗಳು ಈ ಕಥೆಯಲ್ಲಿ ಬರುವುದಿಲ್ಲ.

ಇಂತಹ ಪ್ರಸಂಗಗಳಲ್ಲಿ ವಿಮರ್ಶಕರು ಎತ್ತುವ ಆಕ್ಷೇಪವು ಎರಡು ಬಗೆಯದು. ಸ್ವತ್ತನ್ನು ಇಟ್ಟುಕೊಂಡೇ ಸ್ವತ್ತಿನ ದೋಷವನ್ನು ಹೇಳುವವನು ಕಪಟಿಯೆಂಬುದು ಒಂದು. ಅವನು ಕಪಟಿಯಲ್ಲದಿದ್ದರೂ ಅವನ ಮಾತಿನಿಂದ ಬಡವನಿಗೇನೂ ಬಾರದೆಂಬುದು ಮತ್ತೊಂದು. ಗಾಂಧಿಯವರೂ ಈ ಮಾತುಗಳಿಗೆ ಗುರಿಯಾದವರೇ. 1932ರಲ್ಲಿ ಹುಟ್ಟಿದ ಹರಿಜನ ಸೇವಕ ಸಂಘಕ್ಕೆ ಅಧ್ಯಕ್ಷರಾದವರು ಗಿರಣಿಗಳ ಒಡೆಯರಾದ ಘನಶ್ಯಾಮದಾಸ ಬಿರ್ಲಾ ಅವರು. ಗಾಂಧಿಯವರನ್ನು ಬಡತನದಲ್ಲಿ ಇರಿಸುವ ವೆಚ್ಚವನ್ನು ಕುರಿತು ಸರೋಜಿನಿದೇವಿಯವರು ಆಡಿದರೆಂಬ ಪರಿಹಾಸ್ಯವು ಸರ್ವವಿದಿತವಾಗಿದೆ. ಮೊದಲನೆಯ ಆಕ್ಷೇಪಕ್ಕೆ ಚರಿತ್ರಕಾರನು ಉತ್ತರ ಕೊಡಲಾರನು. ಮತ್ತೊಬ್ಬರ ಅಂತಃಕರಣಕ್ಕೆ ಶಾಸನಾಧಾರವಿಲ್ಲ. ಯುರೋಪಿಯನ್ ತೋಟಗಾರರ ನಡುವೆ, ಆಂಗ್ಲ ಸರಕಾರದ ಕಣ್ಣೆದುರಿನಲ್ಲಿ, ಸೆರೆಮನೆಯಿಂದ ಹೊರಬಂದು ವರ್ಷವೂ ತುಂಬದ ಗಾಂಧಿಯವರಿಗೆ ಬಾಗಿಲು ತೆರೆದ ತೋಟಗಾರನಲ್ಲಿ ಕಪಟವನ್ನು ಹುಡುಕುವುದು ನ್ಯಾಯವೂ ಅಲ್ಲ. ಕೊಡಗು ಅರಸೊತ್ತಿಗೆಯನ್ನು ಕಳೆದುಕೊಂಡು ಇಂಗ್ಲಿಷರ ಕೈಸೇರಿದುದು 1834ರಲ್ಲಿ. ಆ ವರ್ಷದ ಶತಮಾನವೇ ಇದು ಎಂಬುದನ್ನು ನೆನೆದರೆ ಆ ಆತಿಥ್ಯದ ಧೈರ್ಯವು ಇನ್ನೂ ಚೆನ್ನಾಗಿ ತಿಳಿದೀತು. ಆದುದರಿಂದ ಪ್ರಶ್ನೆಯನ್ನು ಹೃದಯದಿಂದ ಲೆಕ್ಕದ ಕಡೆಗೆ ತಿರುಗಿಸಬೇಕಾಗಿದೆ. ಕನ್ನಡನಾಡಿನಲ್ಲಿ ಈ ವಿಚಾರವನ್ನು ಬಹುಕಾಲದಿಂದ ಲೆಕ್ಕದ ವಿಚಾರವಾಗಿಯೇ ನಡೆಸಿಕೊಂಡು ಬಂದವರು ಜೈನಾಚಾರ್ಯರು.

ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ಅದನ್ನು ವಸ್ತುವಿನಲ್ಲಿ ಇಡದೆ ವಸ್ತುವಿನ ಮೇಲಣ ಮೂರ್ಛೆಯಲ್ಲಿ, ಎಂದರೆ ಮಮತೆಯಲ್ಲಿ, ಇಟ್ಟನು. ಇದು ಸೂಕ್ಷ್ಮವಾದ ಲಕ್ಷಣ. ಧನಿಕನಿಗೆ ಅನುಕೂಲವಾದ ಲಕ್ಷಣವೂ ಹೌದು. ಮಮತೆಯೊಂದನ್ನು ಬಿಟ್ಟೆನೆಂದರೆ ಭಂಡಾರವು ಭಂಡಾರವಾಗಿಯೇ ಉಳಿದರೂ ದೋಷವಿಲ್ಲವೆಂದು ಹೇಳಿಕೊಳ್ಳಲು ಅವಕಾಶವಾಗುತ್ತದೆ. ವೈದಿಕರಲ್ಲಿ ಜನಕನ ದೃಷ್ಟಾಂತವು ಇದೇ ಕೆಲಸಕ್ಕೆ ಬಳಕೆಯಾಯಿತು; ರಾಜ್ಯವಾಳುತ್ತಲೇ ನಿರ್ಮಮನಾಗಿದ್ದ ಜನಕನನ್ನು ಉದಾಹರಿಸದ ಶ್ರೀಮಂತನಿಲ್ಲ. ಆದರೆ ಉಮಾಸ್ವಾತಿಯು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮುನಿಗೆ ಸರ್ವತ್ಯಾಗವನ್ನು ವಿಧಿಸಿ, ಗೃಹಸ್ಥನ ವ್ರತಕ್ಕೆ ಬಂದಾಗ ಅತಿಕ್ರಮಿಸಬಾರದ ಪದಾರ್ಥಗಳ ಪಟ್ಟಿಯನ್ನೇ ಕೊಟ್ಟನು: ಹೊಲವೂ ಮನೆಯೂ, ಬೆಳ್ಳಿಯೂ ಬಂಗಾರವೂ, ದನವೂ ಧಾನ್ಯವೂ, ಆಳುಹೆಣ್ಣೂ ಆಳುಗಂಡೂ, ಮತ್ತು ಬಟ್ಟೆಬರೆ ಪಾತ್ರೆ ಮೊದಲಾದ ಗೃಹೋಪಕರಣ. ಇವುಗಳಲ್ಲಿ ಇಷ್ಟಿಷ್ಟು ಸಾಕೆಂದು ಗೃಹಸ್ಥನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆ ಗೊತ್ತನ್ನು ಮೀರಿದರೆ ವ್ರತಕ್ಕೆ ಅತಿಚಾರ. ಇದಕ್ಕೆ ಪರಿಗ್ರಹಪರಿಮಾಣವೆಂದು ಹೆಸರು. ಮಮತೆಯನ್ನು ಅಳೆಯಲಾಗದು, ಹೊಲವನ್ನು ಅಳೆಯಬಹುದು. ಅಳೆಯಲಾಗದುದನ್ನು ಮುನಿಯ ಸಾಧನೆಗೆ ಬಿಟ್ಟು ಅಳೆಯಬಹುದಾದುದನ್ನು ಗೃಹಸ್ಥನ ಪ್ರತಿಜ್ಞೆಗೆ ಒಳಪಡಿಸಿದುದರಲ್ಲಿ ಮನುಷ್ಯಸ್ವಭಾವದ ಆಳವಾದ ಪರಿಜ್ಞಾನವಿದೆ. ಪಟ್ಟಿಯ ಕ್ರಮವನ್ನೂ ಗಮನಿಸಬೇಕು. ಭೂಮಿಯು ಮೊದಲು, ಚಿನ್ನವು ಆಮೇಲೆ. ದುಡಿಯುವ ಆಳುಗಳೂ ಅದರಲ್ಲಿಯೇ ಸೇರಿದ್ದಾರೆ. ಗುಂಡುಗುಟ್ಟಿಯಂತಹ ಒಂದು ತೋಟಕ್ಕೆ ಈ ಪಟ್ಟಿಯನ್ನು ಹೊಂದಿಸಿ ನೋಡಿದರೆ, 1934ರಲ್ಲಿ ನಿಧಿಗೆ ಸಂದ ಒಡವೆಯು ಎರಡನೆಯ ವರ್ಗದ್ದು. ಮೊದಲನೆಯ ವರ್ಗದ ಮಾತು ಅಲ್ಲಿ ಹುಟ್ಟಲಿಲ್ಲ.

ಶ್ರವಣಬೆಳಗೊಳದ ಗೊಮ್ಮಟನನ್ನು ಕುರಿತು ಇಲ್ಲಿ ಒಂದು ಮಾತು. ರಾಜ್ಯವನ್ನು ಗೆದ್ದೂ ಬಿಟ್ಟ ಬಾಹುಬಲಿಯ ಆ ದಿಗಂಬರ ಮೂರ್ತಿಯನ್ನು ಸುಮಾರು 981ರಲ್ಲಿ ಪ್ರತಿಷ್ಠಾಪಿಸಿದವನು ಗಂಗರ ಮಂತ್ರಿಯೂ ದಂಡನಾಯಕನೂ ಆದ ಚಾವುಂಡರಾಯ. ನಾಡಿನಲ್ಲಿ ಅಪರಿಗ್ರಹದ ಅತ್ಯುನ್ನತವಾದ ಪ್ರತಿಮೆಯು ಧನಬಲವಿಲ್ಲದೆ ಆಗುತ್ತಿರಲಿಲ್ಲವೆಂಬುದು ಸ್ಪಷ್ಟ. ಇದನ್ನು ವಿಡಂಬನೆಯೆನ್ನುವವರುಂಟು. ಆದರೆ ಚಾವುಂಡರಾಯನು ತಾನು ಬಾಹುಬಲಿಯಾದೆನೆಂದು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ತಾನು ಆಗಲಾರದುದನ್ನು ಎಲ್ಲರೂ ಕಾಣುವಂತೆ ಬೆಟ್ಟದ ಮೇಲೆ ನಿಲ್ಲಿಸಿದನು. ಬೋಧಕನಿಗೂ ಪ್ರತಿಷ್ಠಾಪಕನಿಗೂ ಇರುವ ಅಂತರವನ್ನು ಆತನು ಬಲ್ಲವನಾಗಿದ್ದನು.

ಇನ್ನು ಮೀಮಾಂಸಕರ ಕಡೆಗೆ ಬಂದರೆ, ಸರ್ವಸ್ವದಾನವೆಂದರೇನೆಂಬುದನ್ನು ಅವರಷ್ಟು ನಿಷ್ಠುರವಾಗಿ ಶೋಧಿಸಿದವರು ಮತ್ತೊಬ್ಬರಿಲ್ಲ. ವಿಶ್ವಜಿತ್ತೆಂಬ ಯಾಗದಲ್ಲಿ ಯಜಮಾನನು ತನ್ನದೆಲ್ಲವನ್ನೂ ದಕ್ಷಿಣೆಯಾಗಿ ಕೊಡಬೇಕೆಂಬುದು ವಿಧಿ. ಜೈಮಿನಿಯ ಆರನೆಯ ಅಧ್ಯಾಯದ ಏಳನೆಯ ಪಾದದಲ್ಲಿ ‘ತನ್ನದು’ ಎಂಬುದರ ಅರ್ಥವೇ ವಿಚಾರಕ್ಕೆ ಬರುತ್ತದೆ. ತಂದೆತಾಯಿಗಳು ತನ್ನವರಾದರೂ ಕೊಡತಕ್ಕವರಲ್ಲ. ಧರ್ಮಕ್ಕಾಗಿ ಬಂದು ಸೇವಿಸುವ ಆಳು ಕೊಡತಕ್ಕ ವಸ್ತುವಲ್ಲ. ದಕ್ಷಿಣೆಯ ಕಾಲದಲ್ಲಿ ಕೈಯಲ್ಲಿರುವುದನ್ನು ಕೊಡಬೇಕಲ್ಲದೆ ಮುಂದೆ ಬರಬಹುದಾದುದನ್ನಲ್ಲ. ಎಲ್ಲಕ್ಕಿಂತ ವಿಸ್ಮಯಕರವಾದ ನಿರ್ಣಯವು ಭೂಮಿಯನ್ನು ಕುರಿತದ್ದು: ಭೂಮಿಯನ್ನು ಕೊಡುವಂತಿಲ್ಲ, ಏಕೆಂದರೆ ಅದು ಎಲ್ಲರಿಗೂ ಸಮಾನವಾದದ್ದು. ಶಬರಸ್ವಾಮಿಯ ವಿವರಣೆಯ ಪ್ರಕಾರ ಕ್ಷೇತ್ರಗಳಿಗೆ ಒಡೆಯರುಂಟು, ಸಮಗ್ರ ಪೃಥ್ವಿಗೆ ಒಡೆಯನಿಲ್ಲ. ಸಾರ್ವಭೌಮನಿಗೂ ಅದರ ಮೇಲೆ ದಾನಾಧಿಕಾರವಿಲ್ಲ. ಕೊಡಲಾಗದುದಕ್ಕೆ ಕಾರಣವು ಅದು ಬಹು ಬೆಲೆಯುಳ್ಳದ್ದೆಂಬುದಲ್ಲ, ತನ್ನದೇ ಅಲ್ಲವೆಂಬುದು. ಧನಿಕನ ಸರ್ವಸ್ವತ್ಯಾಗದ ಪ್ರಶ್ನೆಯನ್ನು ಈ ನ್ಯಾಯವು ಬುಡಮೇಲು ಮಾಡುತ್ತದೆ. ಆದರೂ ಈ ನ್ಯಾಯದ ಮರೆಯಲ್ಲಿ ಅಡಗಿ, ಭೂಮಿಯನ್ನು ಕೊಡಲಾಗದೆಂದ ಮೇಲೆ ಇಟ್ಟುಕೊಳ್ಳುವುದೇ ಸರಿಯೆಂದು ವಾದಿಸುವವನಿಗೆ, ಇಟ್ಟುಕೊಳ್ಳುವುದಕ್ಕೂ ಅದೇ ಬಾಧಕವೆಂದು ಉತ್ತರ ಹೇಳಬೇಕಾಗುತ್ತದೆ.

ಕಾಳಿದಾಸನ ರಘುವು ಈ ವಿಶ್ವಜಿತ್ತನ್ನೇ ಮಾಡಿ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ಹಿಡಿದು ನಿಂತಾಗ ಕೌತ್ಸನು ಗುರುದಕ್ಷಿಣೆಗೆ ಹದಿನಾಲ್ಕು ಕೋಟಿಯನ್ನು ಬೇಡಬಂದುದೂ, ಕುಬೇರನು ಚಿನ್ನದ ಮಳೆಗರೆದುದೂ ಪಂಡಿತರಿಗೆ ಗೊತ್ತಿರುವ ಕಥೆಯೇ. ಸಾಮಾನ್ಯವಾಗಿ ಪ್ರಶಂಸೆಯು ರಘುವಿಗೆ ಸಲ್ಲುತ್ತದೆ. ಆದರೆ ಎಲ್ಲವನ್ನೂ ಒಯ್ಯೆಂದು ರಘುವು ಒತ್ತಾಯಮಾಡಿದಾಗ, ಬೇಕಾದುದಕ್ಕಿಂತ ಹೆಚ್ಚನ್ನು ಒಲ್ಲೆನೆಂದ ಕೌತ್ಸನ ಪಾತ್ರವೇ ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದುದು. ಕೊಡುವವನಲ್ಲಿ ಪರಿಮಾಣವಿಲ್ಲದಾಗ ಪಡೆಯುವವನು ಪರಿಮಾಣವನ್ನು ಹಾಕಿಕೊಡುತ್ತಾನೆ.

ಇದೇ ಸಂಗತಿಯು ಕಲ್ಯಾಣದಲ್ಲಿ ಇನ್ನೂ ತೀಕ್ಷ್ಣವಾಗಿ ಕಾಣುತ್ತದೆ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು, ದಣ್ಣಾಯಕರು. ಸಿರಿಯು ತಮ್ಮದಲ್ಲವೆಂದೂ ದಾಸೋಹಕ್ಕೆ ಸಲ್ಲತಕ್ಕದ್ದೆಂದೂ ಬೋಧಿಸಿದ ಅವರು ಕನ್ನಡನಾಡಿನ ಸಿರಿವಂತ ಆದರ್ಶವಾದಿಗಳಲ್ಲಿ ಅಗ್ರಗಣ್ಯರು. ಅವರ ಪ್ರಾಮಾಣಿಕತೆಯನ್ನು ಸಂದೇಹಿಸಿದವರು ಆಸ್ಥಾನದಲ್ಲಿ ಇದ್ದಿರಬಹುದು, ಶರಣರಲ್ಲಿ ಯಾರೂ ಇಲ್ಲ. ಆದರೂ ಅವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಮಾರಯ್ಯನು ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ, ಅವನ ಹೆಂಡತಿ ಲಕ್ಕಮ್ಮನು ಅದನ್ನು ಕಂಡು, ಇಷ್ಟು ಆಸೆ ಎಲ್ಲಿಂದ ಬಂದಿತೆಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಶೂನ್ಯಸಂಪಾದನೆಯ ಸಂಕಲನಕಾರರು ಈ ಪ್ರಸಂಗವನ್ನು ಲಂಬಿಸಿ ಹೇಳಿರುವುದು ನಿಷ್ಕಾರಣವಲ್ಲ. ಕಟ್ಟಿಗೆ ಹೊತ್ತು ಮಾರುತ್ತಿದ್ದ ಮೋಳಿಗೆಯ ಮಾರಯ್ಯನ ಮನೆಯಲ್ಲಿ ಬಸವಣ್ಣನವರು ಗುಟ್ಟಾಗಿ ಇಟ್ಟುಬಂದ ಹೊನ್ನೂ ಹಾಗೆಯೇ ತಿರಸ್ಕೃತವಾಯಿತೆಂದು ಐತಿಹ್ಯವಿದೆ. ಈ ಕಥೆಗಳ ಐತಿಹಾಸಿಕತೆಯು ಹೇಗೇ ಇರಲಿ, ಅವನ್ನು ಉಳಿಸಿಕೊಂಡು ಬಂದ ಸಮಾಜದ ವಿವೇಕವನ್ನು ಅವು ತೋರಿಸುತ್ತವೆ. ದಾಸೋಹಿಯ ಮನಸ್ಸು ಶುದ್ಧವಾಗಿದ್ದರೂ ಅವನ ಅಂಗಳದ ಅಕ್ಕಿಯು ಹೆಚ್ಚಾಗಬಹುದು. ಅದನ್ನು ಹೆಚ್ಚಾಯಿತೆಂದು ಹೇಳುವ ಅಧಿಕಾರವು ದಾಸೋಹಿಗಿಲ್ಲ, ಆಯ್ದು ತಿನ್ನುವವನ ಮನೆಯಾಕೆಗೆ ಇದೆ. ತೋಟದ ಲೈನುಮನೆಗಳಲ್ಲಿ ಇದ್ದವರಿಗೆ ಆ ಅಧಿಕಾರವಿತ್ತೇ ಎಂಬುದು ಬೇರೆ ಪ್ರಶ್ನೆ.

ಒಡವೆಯ ವಿಚಾರಕ್ಕೆ ಮರಳಬೇಕು. ಗೌರಮ್ಮನವರು ಕೊಟ್ಟುದು ಯಾರ ಸ್ವತ್ತು? ಈ ಪ್ರಶ್ನೆಗೂ ಕಲ್ಯಾಣದಲ್ಲಿಯೇ ಉತ್ತರವಿದೆ; ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಆ ನಗರದವನಲ್ಲವೆ? ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವೆಂಬುದು ಅವನ ಪ್ರಸಿದ್ಧವಾದ ಮತ. ಹಾಗಾದರೆ ಪಿತ್ರಾರ್ಜಿತವಾದ ಭೂಮಿಯುಳ್ಳ ಗೃಹಸ್ಥನು ಅದನ್ನು ಒಬ್ಬನೇ ನಿಂತು ತ್ಯಾಗಮಾಡಲಾರನು. ಹುಟ್ಟಿದ ಮಕ್ಕಳೂ ಅದರ ಒಡೆಯರೇ. ಧನಿಕನ ಅಪರಿಗ್ರಹವು ಎಷ್ಟೋ ಸಲ ಮಾತಿನಲ್ಲಿಯೇ ನಿಲ್ಲುವುದಕ್ಕೆ ಮನಸ್ಸಿನ ಲೋಭವೊಂದೇ ಕಾರಣವಲ್ಲ, ವ್ಯವಹಾರದ ಈ ಕಟ್ಟೂ ಒಂದು ಕಾರಣ. ಸ್ತ್ರೀಧನದ ನ್ಯಾಯವು ಇದಕ್ಕೆ ವಿರುದ್ಧವಾದುದು. ತಂದೆತಾಯಿ ಬಂಧುಗಳಿಂದ ಪ್ರೀತಿಯಿಂದ ಬಂದುದಕ್ಕೆ ಕಾತ್ಯಾಯನನು ಸೌದಾಯಿಕವೆಂದು ಹೆಸರಿಟ್ಟು, ಅದನ್ನು ಮಾರುವುದರಲ್ಲಿಯೂ ಕೊಡುವುದರಲ್ಲಿಯೂ ಹೆಂಗಸಿಗೆ ಸ್ವಾತಂತ್ರ್ಯವನ್ನು ಒಪ್ಪಿದನು. ಭೂಮಿಯ ಒಡೆಯನಿಗೆ ಇಲ್ಲದ ಸರ್ವಾಧಿಕಾರವು ಒಡವೆಯ ಒಡತಿಗೆ ಇತ್ತು. ಶಾಸ್ತ್ರದಿಂದ ನೋಡಿದರೆ ಗುಂಡುಗುಟ್ಟಿಯ ಆ ಮನೆಯಲ್ಲಿ ಸರ್ವಸ್ವದಾನದ ಅಧಿಕಾರವಿದ್ದುದು ಮೇಲ್ವಿಚಾರಕರ ಹೆಂಡತಿಗೇ.

ಗಾಂಧಿಯವರ ಸ್ವಂತ ಮನೆಯಲ್ಲಿ ಈ ಪ್ರಶ್ನೆಯು ಹಿಂದೆಯೇ ಒಮ್ಮೆ ಬಂದಿತ್ತು. 1901ರಲ್ಲಿ ಅವರು ನೇಟಾಲಿನಿಂದ ಹಿಂದಿರುಗುವಾಗ ಅಲ್ಲಿಯ ಜನ ಚಿನ್ನದ ಒಡವೆಗಳನ್ನು ಕಾಣಿಕೆಯಾಗಿ ಕೊಟ್ಟರು. ಅವುಗಳಲ್ಲಿ ಐವತ್ತು ಗಿನಿ ಬೆಲೆಯ ಸರವೊಂದು ಕಸ್ತೂರಬಾ ಅವರಿಗೆಂದೇ ಬಂದದ್ದು. ಎಲ್ಲವನ್ನೂ ಸಾರ್ವಜನಿಕ ನಿಧಿಗೆ ಬಿಡಬೇಕೆಂದು ಗಾಂಧಿಯವರು ನಿಶ್ಚಯಿಸಿದರು. ಮುಂದೆ ಬರುವ ಸೊಸೆಯರ ಮಾತೆತ್ತಿ ಕಸ್ತೂರಬಾ ಅವರು ಕಣ್ಣೀರಿಟ್ಟು ವಾದಿಸಿದರು. ಹೇಗೋ ಕೊನೆಗೆ ಒಪ್ಪಿದರು. ಈ ವೃತ್ತಾಂತವನ್ನು ಆತ್ಮಕಥೆಯಲ್ಲಿ ಮುಚ್ಚದೆ ಬರೆದುದು ಗಾಂಧಿಯವರ ಸತ್ಯನಿಷ್ಠೆ. ಆದರೆ ಅಲ್ಲಿ ತ್ಯಾಗಮಾಡಿದವರು ಯಾರೆಂಬ ಸಂದೇಹವು ಓದುವವನಿಗೆ ಉಳಿಯದಿರದು. ಮತ್ತೊಬ್ಬರ ಒಡವೆಯನ್ನು ತ್ಯಾಗಮಾಡುವುದು ಸುಲಭ. ವಡಗರೆಯಲ್ಲಿ ಒಪ್ಪಿಗೆಯನ್ನು ಕೇಳಿದ ಗಾಂಧಿಯವರು ನೇಟಾಲಿನಿಂದ ಬಹುದೂರ ನಡೆದುಬಂದಿದ್ದರು. ಸುಂಟಿಕೊಪ್ಪದಲ್ಲಿ ಮೊದಲು ಹಟ ಹಿಡಿದವಳೇ ಕೊಡುವವಳಾಗಿದ್ದಳು.

ಇಷ್ಟಾದರೂ ಗೌರಮ್ಮನವರ ತ್ಯಾಗಕ್ಕೆ ವಿರುದ್ಧವಾಗಿ ಹೇಳಬಹುದಾದುದನ್ನು ಮುಚ್ಚಿಡುವುದು ಸಲ್ಲದು. ಒಡವೆಯನ್ನು ಕೊಟ್ಟ ಮರುದಿನವೂ ಅವರ ಮನೆಯ ಒಲೆ ಉರಿಯಿತು. ಅದು ತೋಟದ ಸಂಬಳದಿಂದ ಉರಿದದ್ದು. ಸಂಸಾರದ ಚಿನ್ನದಲ್ಲಿ ಕಾಫಿಯ ದುಡ್ಡಿನ ಪಾಲು ಇದ್ದಿದ್ದರೂ ಇರಬಹುದು. 1854ರಲ್ಲಿ ಮಡಿಕೇರಿಯ ಬಳಿ ಇಂಗ್ಲಿಷರ ಮೊದಲ ಕಾಫಿತೋಟ ತೆರೆದಂದಿನಿಂದ ಕೊಡಗಿನ ಸಿರಿಯೆಲ್ಲವೂ ಒಂದಲ್ಲ ಒಂದು ದಾರಿಯಿಂದ ಆ ಗಿಡದ ಬೇರಿಗೆ ಹೋಗಿ ಸೇರುತ್ತದೆ. ಭೂಮಿಯನ್ನು ಇಟ್ಟುಕೊಂಡವನ ಆಶ್ರಯದಲ್ಲಿ ನಿಂತು ಚಿನ್ನವನ್ನು ಬಿಡುವುದು ಪೂರ್ಣವಾದ ಅಪರಿಗ್ರಹವಲ್ಲವೆಂದು ಆಕ್ಷೇಪಿಸುವವರಿಗೆ ಇಲ್ಲವೆನ್ನಲಾಗದು. ಆದರೆ ಅದೇ ಮಾತು ಆಶ್ರಮಗಳಿಗೂ ಅನ್ವಯಿಸುತ್ತದೆ.

ಯೂರೋಪಿನಲ್ಲಿ ಈ ಇಕ್ಕಟ್ಟಿನ ದೊಡ್ಡ ಉದಾಹರಣೆ ಟಾಲ್‌ಸ್ಟಾಯ್. ಗಾಂಧಿಯವರು ಗುರುಸ್ಥಾನದಲ್ಲಿ ಕಂಡ ಈ ಮಹಾಶಯನು ಸ್ವತ್ತು ಪಾಪಮೂಲವೆಂದು ಬರೆದನು. 1891ರಲ್ಲಿ ತನ್ನ ಇತ್ತೀಚಿನ ಗ್ರಂಥಗಳ ಹಕ್ಕನ್ನು ಬಿಟ್ಟನು. ಮರುವರ್ಷ ಜಮೀನನ್ನು ಹೆಂಡತಿಮಕ್ಕಳಿಗೆ ಹಂಚಿದನು. ಆ ಮೇಲೆಯೂ ಹಳೆಯ ಮನೆಯಲ್ಲಿಯೇ, ಈಗ ಹೆಂಡತಿಯ ಹೆಸರಿನಲ್ಲಿದ್ದ ಯಾಸ್ನಾಯ ಪೊಲ್ಯಾನದಲ್ಲಿಯೇ, ಬದುಕಿದನು. ಸ್ವತ್ವವು ಹೋಯಿತು, ಭೋಗವು ಉಳಿಯಿತು. ಆ ಭೋಗವು ಅವನಿಗೆ ಮುಳ್ಳಾಯಿತು. 1910ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ರಾತ್ರಿ ಮನೆಬಿಟ್ಟು ಹೊರಟು ಅಸ್ತಾಪೊವೊ ಎಂಬ ರೈಲುನಿಲ್ದಾಣದಲ್ಲಿ ಸತ್ತನು. ಅದೇ ವರ್ಷ ಅವನ ಹೆಸರಿನಲ್ಲಿಯೇ ದಕ್ಷಿಣ ಆಫ್ರಿಕದಲ್ಲಿ ಗಾಂಧಿಯವರ ವಸತಿಯು ಹುಟ್ಟಿತು. ಅದಕ್ಕೆ ಸುಮಾರು 1,100 ಎಕರೆ ನೆಲವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟವನು ಸಿರಿವಂತ ವಾಸ್ತುಶಿಲ್ಪಿಯಾದ ಹರ್ಮನ್ ಕ್ಯಾಲೆನ್‌ಬಾಕ್. ಇಲ್ಲಿ ಸ್ವತ್ವವು ಅವನಲ್ಲಿಯೇ ಉಳಿಯಿತು; ಭೋಗವನ್ನು ಮಾತ್ರ ಬಿಟ್ಟು ಅವನೂ ಅಲ್ಲಿಯೇ ಬಂದು ಮಿಕ್ಕವರಂತೆ ದುಡಿದನು. ಟಾಲ್‌ಸ್ಟಾಯಿಯದು ಒಂದರ್ಧ, ಕ್ಯಾಲೆನ್‌ಬಾಕ್‌ನದು ಇನ್ನೊಂದರ್ಧ. ಗಾಂಧಿಯವರು ಮುಂದೆ ಧನಿಕರಿಗೆ ಬೋಧಿಸಿದ ಧರ್ಮದರ್ಶಿತ್ವದ ಬೀಜವನ್ನು ಈ ಎರಡನೆಯ ಅರ್ಧದಲ್ಲಿ ಕಾಣಬಹುದು: ಸ್ವತ್ತು ಹೆಸರಿನಲ್ಲಿರಲಿ, ಅದರ ವಿನಿಯೋಗವು ಸಮಾಜಕ್ಕಾಗಿರಲಿ.

ಧರ್ಮದರ್ಶಿಯೆಂಬ ಶಬ್ದವು ಕನ್ನಡಿಗರಿಗೆ ದೇವಸ್ಥಾನದಿಂದ ಬಂದುದು. ದೇವರ ಸ್ವತ್ತನ್ನು ನೋಡಿಕೊಳ್ಳುವವನು ಲೆಕ್ಕವೊಪ್ಪಿಸಬೇಕು. ಲೆಕ್ಕ ಕೇಳುವವರಿಲ್ಲದ ಧರ್ಮದರ್ಶಿಗೂ ಒಡೆಯನಿಗೂ ವ್ಯತ್ಯಾಸವೇನೆಂಬುದು ಈ ಸಿದ್ಧಾಂತಕ್ಕೆ ಹಾಕಲ್ಪಟ್ಟ ಪ್ರಬಲವಾದ ಪ್ರಶ್ನೆ. ಗಾಂಧಿಯವರ ಅನುಯಾಯಿಗಳಾದ ಕಿಶೋರಲಾಲ ಮಶ್ರೂವಾಲಾ, ನರಹರಿ ಪಾರೀಖರು ಸಿದ್ಧಪಡಿಸಿ ಗಾಂಧಿಯವರು ತಿದ್ದಿದ ಧರ್ಮದರ್ಶಿತ್ವದ ಸೂತ್ರರೂಪವು 1952ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನಿಷ್ಠ ಕೂಲಿಗೆ ಮಿತಿಯಿರುವಂತೆ ಗರಿಷ್ಠ ವರಮಾನಕ್ಕೂ ಮಿತಿಯಿರಬೇಕೆಂದೂ, ಸ್ವತ್ತಿನ ಒಡೆತನ ಬಳಕೆಗಳನ್ನು ಕಾನೂನು ನಿಯಂತ್ರಿಸುವುದಕ್ಕೆ ಅಡ್ಡಿಯಿಲ್ಲವೆಂದೂ ಅದರಲ್ಲಿದೆ. ಪರಿಮಾಣದ ಆವಶ್ಯಕತೆಯನ್ನು ಅದು ಒಪ್ಪಿತು; ಸಂಖ್ಯೆಯನ್ನು ಬರೆಯಲಿಲ್ಲ. ಗೃಹಸ್ಥನು ಪ್ರತಿಜ್ಞೆಮಾಡಬೇಕಾದ ಕಡೆ ಬರಿಯ ಗೆರೆಯನ್ನು ಎಳೆದಂತಾಯಿತು.

ಶಾಸನಗಳನ್ನು ಓದಿದವರಿಗೆ ಈ ಖಾಲಿ ಜಾಗವು ಹೊಸದಾಗಿ ಕಾಣದು. ಕನ್ನಡನಾಡಿನ ಸಾವಿರಾರು ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ಎಲ್ಲೆಯನ್ನು ಎಷ್ಟು ಶ್ರದ್ಧೆಯಿಂದ ಕೆತ್ತಿದ್ದಾರೆ! ಮೂಡಲ ಗುಂಡು, ತೆಂಕಣ ಹಳ್ಳ, ಹಡುವಣ ಹುತ್ತ, ಬಡಗಣ ಆಲವೆಂದು ಇಂತಹ ಗುರುತುಗಳಿಂದ ನಾಲ್ಕು ದಿಕ್ಕಿನ ಸೀಮೆಯನ್ನೂ ಹೇಳಿ, ಅದನ್ನು ಅಪಹರಿಸಿದವನಿಗೆ ಶಾಪವನ್ನೂ ಬರೆಸಿದರು. ಆದರೆ ಆ ದಾನಿಯ ಬಳಿ ಉಳಿದ ಭೂಮಿಯ ಎಲ್ಲೆಯನ್ನು ದಾನಶಾಸನವು ಹೇಳುವುದಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ದಾನದ ಸಂಖ್ಯೆಯು ತಿಳಿಯುತ್ತದೆ, ಉಳಿದ ಧನದ ಸಂಖ್ಯೆಯು ತಿಳಿಯದು. ದಾನಚಿಂತಾಮಣಿಯ ಕೀರ್ತಿಗೆ ಇದರಿಂದ ಕುಂದಿಲ್ಲ. ಶಾಸನವೆಂಬ ಪ್ರಕಾರದ ಸ್ವಭಾವವೇ ಅಂತಹುದು. ದಾನದ ಚರಿತ್ರೆಯು ಕೊಟ್ಟುದರ ಚರಿತ್ರೆಯಾಗಿ ಬೆಳೆಯಿತು. ಅಪರಿಗ್ರಹದ ಚರಿತ್ರೆಯು ಉಳಿದುದರ ಚರಿತ್ರೆಯಾಗಿರಬೇಕಾಗಿತ್ತು. ಧನಿಕನ ಬೋಧೆಯು ಅನೇಕವೇಳೆ ಈ ಎರಡನ್ನೂ ಒಂದೇ ಎಂದು ಭ್ರಮಿಸುವುದರಿಂದಲೇ ಸಂದೇಹಕ್ಕೆ ಗುರಿಯಾಗುತ್ತದೆ.

ಸ್ವತಂತ್ರವಾದ ಮೇಲೆ ನಾಡು ಆ ಸಂಖ್ಯೆಯನ್ನು ಎರಡು ದಾರಿಗಳಿಂದ ತುಂಬಲು ಯತ್ನಿಸಿತು. 1951ರಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ಮೊದಲಾದ ವಿನೋಬಾ ಅವರ ಭೂದಾನವು ಒಂದು. ಗಾಳಿ ನೀರುಗಳಂತೆ ನೆಲವೂ ಎಲ್ಲರದೆಂಬ ಅವರ ವಾದದಲ್ಲಿ ಮೀಮಾಂಸಕರ ನಿರ್ಣಯವೇ ಹೊಸ ರೂಪದಲ್ಲಿ ಕಾಣುತ್ತದೆ. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ನಡೆದ ಗ್ರಾಮದಾನ ಪರಿಷತ್ತಿಗೆ ರಾಷ್ಟ್ರಪತಿಗಳೂ ಪ್ರಧಾನಮಂತ್ರಿಗಳೂ ಬಂದಿದ್ದರು. ಕಾನೂನು ಎರಡನೆಯದು. 1961ರ ಕರ್ನಾಟಕ ಭೂಸುಧಾರಣಾ ಶಾಸನಕ್ಕೆ 1974ರಲ್ಲಿ ಆದ ತಿದ್ದುಪಡಿಯು ಐದು ಜನದ ಕುಟುಂಬಕ್ಕೆ ಹತ್ತು ಯೂನಿಟ್ಟುಗಳ ಮಿತಿಯನ್ನು ವಿಧಿಸಿತು. ಉಮಾಸ್ವಾತಿಯ ಪರಿಮಾಣವನ್ನು ಸರಕಾರವೇ ಎಲ್ಲರ ಪರವಾಗಿ ಪ್ರತಿಜ್ಞೆಮಾಡಿದಂತಾಯಿತು. ಆ ಮಿತಿಯು 2020ರಲ್ಲಿ ಹಿಗ್ಗಿತು. ಕೊಡಗಿಗೆ ಸಂಬಂಧಪಟ್ಟ ಮುಖ್ಯ ಸಂಗತಿಯು ಆ ಶಾಸನದ 104ನೆಯ ಪ್ರಕರಣದಲ್ಲಿದೆ: ತೋಟಗಳಿಗೆ ಈ ಮಿತಿಯು ಅನ್ವಯಿಸದು. ಏಲಕ್ಕಿ, ಕೋಕೋ, ಕಾಫಿ, ಮೆಣಸು, ರಬ್ಬರು, ಚಹಗಳನ್ನು ಶಾಸನವು ತೋಟದ ಬೆಳೆಗಳೆಂದು ಪರಿಗಣಿಸುತ್ತದೆ. ತೋಟವನ್ನು ತುಂಡರಿಸಿದರೆ ಬೆಳೆ ಕೆಡುವುದೆಂಬ ಕಾರಣವು ಇದಕ್ಕೆ ಸಮರ್ಥನೆಯಾಗಿ ಹೇಳಲ್ಪಡುತ್ತದೆ, ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಗದ್ದೆಯವನಿಗೆ ಪರಿಮಾಣವನ್ನು ಹೇಳಿದ ನಾಡು ಕಾಫಿಯ ಬೇಲಿಯ ಬಳಿಗೆ ಬಂದು ನಿಂತಿತು.

ಗೌರಮ್ಮನವರು ಇದಾವುದನ್ನೂ ನೋಡಲಿಲ್ಲ. 1939ರ ಏಪ್ರಿಲಿನಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಈಜುವುದಕ್ಕೆಂದು ಇಳಿದ ನೀರಿನ ಸುಳಿಯಲ್ಲಿ ಸಿಕ್ಕಿ ತೀರಿಕೊಂಡರು. ಬೇಂದ್ರೆಯವರು ಅವರನ್ನು ‘ತಂಗಿ ಗೌರಮ್ಮ’ ಎಂಬ ಕವಿತೆಯಲ್ಲಿ ನೆನೆದರು. ಅವರ ಕಥೆಗಳು ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳಲ್ಲಿ ಉಳಿದಿವೆ. ಅವರು ಸ್ವತ್ತಿಲ್ಲದ ಲೋಕವನ್ನು ಬೋಧಿಸಿದವರಲ್ಲ, ಪ್ರಬಂಧವನ್ನೂ ಬರೆಯಲಿಲ್ಲ. ಆದರೂ 1934ರ ಆ ದಿನದ ಲೆಕ್ಕದಲ್ಲಿ ಕೊಟ್ಟುದರ ಜೊತೆಗೆ ಉಳಿಸಿಕೊಂಡುದರ ಪಟ್ಟಿಯೂ ಜನರ ನೆನಪಿನಲ್ಲಿ ಬಂದಿರುವುದು ಅವರೊಬ್ಬರ ವಿಷಯದಲ್ಲಿ: ಮಾಂಗಲ್ಯ, ಓಲೆ, ಮೂಗುಬೊಟ್ಟು.